ಹೆಸರು ಹೇಳದ ಗುಮಾಸ್ತರಿಗೆ

ಶಿಸ್ತುಕ್ರಮದಡಿ ಅಮಾನತುಗೊಂಡಿದ್ದ ನನ್ನ ತಮ್ಮನನ್ನು ಬಳ್ಳಾರಿಯಿಂದ ರಾಯಚೂರಿನ ಕಾಲೇಜಿಗೆ ಸೇರಿಸಲು ಓಡಾಡುತ್ತಿದ್ದಾಗ ನಮ್ಮ ಕಡತವನ್ನು ತಾಳ್ಮೆಯಿಂದ ಓದಿದ ಹಿರಿಯ ಗುಮಾಸ್ತರೇ, ನಿಮಗೆ ನಮ್ಮ ಮನೆಯವರೆಲ್ಲರ ಕೃತಜ್ಞತೆಗಳು. ಅಮಾನತಿನ ವಿಷಯವನ್ನು ಅರ್ಜಿಯಲ್ಲಿ ಮುಚ್ಚಿಡುವುದೇ ಜಾಣತನವೆಂದು ಹಲವರು (ನಮ್ಮ ಸೋದರಮಾವನೂ ಸೇರಿ) ಹೇಳಿದ್ದರು. ವರ್ಗಾವಣೆ ಪತ್ರದಲ್ಲಿ ನಡತೆಯ ಕಲಂ ಇರುವಾಗ ಅದು ಹೇಗೂ ಹೊರಬರುತ್ತದೆ, ಆದ್ದರಿಂದ ಅಮಾನತಿನ ಆದೇಶವನ್ನೂ ಅದರ ಅವಧಿ ಮುಗಿದುದಕ್ಕೆ ಪ್ರಾಂಶುಪಾಲರ ಪತ್ರವನ್ನೂ ನೀವಾಗಿಯೇ ಲಗತ್ತಿಸಿ, ನಡೆದುದನ್ನು ಅವನ ಕೈಯಿಂದಲೇ ಬರೆಸಿರಿ ಎಂದವರು ನೀವು. ವಿಶ್ವವಿದ್ಯಾಲಯವೇ ಬದಲಾಗುವುದರಿಂದ ಮೈಗ್ರೇಷನ್ ಸರ್ಟಿಫಿಕೇಟ್ ಬೇಕು, ಅದಕ್ಕೆ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೇ ಅರ್ಜಿ ಹಾಕಬೇಕು ಎಂಬುದನ್ನು ನಮಗೆ ಬೇರೆ ಯಾರೂ ತಿಳಿಸಿರಲಿಲ್ಲ. ಹೆಸರು ಕೇಳಿದರೆ ನಕ್ಕು ಮುಂದಿನವರನ್ನು ಕರೆದಿರಿ. ತಮ್ಮನಿಗೆ ಮೂರನೇ ಸೆಮಿಸ್ಟರಿಗೆ ಪ್ರವೇಶ ದೊರೆತಿದೆ.