ಗೆಳೆಯನಿಗೊಂದು ಪತ್ರ: ಪುಟ್ಟಿ, ಮೊಟ್ಟೆ ಮತ್ತು ನಮ್ಮಕ್ಕ

ಪ್ರೀತಿಯ ಗೆಳೆಯಾ,

ಫೋನ್ ಮಾಡಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಏನಾದರೂ ಹೇಳಿ ನಗಿಸಿಬಿಡ್ತೀಯ, ಹೇಳಬೇಕಾದ ಮಾತು ಅಲ್ಲೇ ಉಳಿದುಬಿಡ್ತದೆ. ಅದಕ್ಕೇ ಬರೀತಾ ಇದ್ದೀನಿ, ಅದೂ ಎಲ್ಲರ ಕಣ್ಣಿಗೆ ಬೀಳೋ ಹಾಗೆ. ಓದುವವರು ಓದಲಿ. ಮಗಳ ಮೇಲಿನ ಹೆಮ್ಮೆಯನ್ನು ಬಾಗಿಲು ಹಾಕಿಕೊಂಡು ಪಡೋದು ನನ್ನಿಂದ ಆಗೋದಿಲ್ಲ. ಅಂದಹಾಗೆ, ಅಕ್ಕ ಇವತ್ತಿಗೂ ನಿನ್ನ ಹಳೇ ಅಡ್ಡಹೆಸರು ಹಿಡಿದು ‘ಎರಡನೇ ಪಂಕ್ತಿ’ ಹೇಗಿದಾನೆ ಅಂತಲೇ ವಿಚಾರಿಸೋದು. ಪುಣೆಯಲ್ಲಿ ನೀನು ಎಷ್ಟು ದೊಡ್ಡ ಸಾಹೇಬನೇ ಆಗಿರು ಮಾರಾಯ, ತೀರ್ಥಹಳ್ಳಿ ಕಡೆ ನಿನ್ನ ಹೆಸರು ಅದೇ.

ಪುಟ್ಟಿ ಈಗ ಒಂದನೇ ಕ್ಲಾಸು. ಊರಿನ ಸರ್ಕಾರಿ ಶಾಲೆ. ನಾನು ಹೈಸ್ಕೂಲಿನಲ್ಲಿ ಪಾಠ ಮಾಡುವವನು, ನನ್ನ ಮಗಳನ್ನು ಬೇರೆ ಎಲ್ಲಿಗೆ ಕಳಿಸಲಿ? ಅಲ್ಲಿ ನಲಿಕಲಿ ನಡೀತದೆ. 1995ರ ಸುಮಾರಿಗೆ ಎಚ್.ಡಿ. ಕೋಟೆ ಕಡೆಯ ಶಾಲೆಗಳಲ್ಲಿ ಹುಟ್ಟಿ ಆಮೇಲೆ ರಾಜ್ಯಕ್ಕೆಲ್ಲ ಬಂದ ಪದ್ಧತಿ ಅದು. ಒಂದರಿಂದ ಮೂರನೇ ಕ್ಲಾಸಿನವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂತು, ಕಾರ್ಡು ಹಿಡಿದು, ಅವರವರ ಓಟಕ್ಕೆ ತಕ್ಕಂತೆ ಕಲೀತಾರೆ. ನಮ್ಮ ಕಾಲದಲ್ಲಿ ಪಕ್ಕದವನಿಗೆ ಹೇಳಿಕೊಟ್ಟರೆ ಬೆತ್ತ ಬೀಳ್ತಿತ್ತು. ಇಲ್ಲಿ ಗೊತ್ತಿರೋ ಮಗು ಗೊತ್ತಿಲ್ಲದ ಮಗುವಿಗೆ ಹೇಳಿಕೊಡೋದೇ ಪಾಠ.

ಪುಟ್ಟಿಯ ಗುಂಪಿನಲ್ಲಿ ಒಬ್ಬ ಹುಡುಗ ಇದ್ದಾನೆ. ಹುಟ್ಟಿದಾಗಿನಿಂದ ಅವನ ಬಲಗೈ ಬೆರಳುಗಳಲ್ಲಿ ಹಿಡಿತ ಕಮ್ಮಿ. ಓದಿನಲ್ಲಿ ಚುರುಕು, ಬಾಯಂತೂ ಪಟಪಟ, ಆದರೆ ಊಟ ಬಹಳ ನಿಧಾನ. ಬಿಸಿಯೂಟದ ಹೊತ್ತಿಗೆ ಉಳಿದ ಮಕ್ಕಳು ಗಬಗಬ ಉಂಡು, ತಟ್ಟೆ ತೊಳೆದಿಟ್ಟು ಅಂಗಳಕ್ಕೆ ಓಡಿಬಿಡ್ತಾರೆ. ಜಗಲಿಯ ಉದ್ದಕ್ಕೂ ಖಾಲಿ ಜಾಗ, ಕೊನೆಯಲ್ಲಿ ಇವನೊಬ್ಬ. ಅವಳ ಟೀಚರ್ ಮೊನ್ನೆ ನನ್ನನ್ನು ನಿಲ್ಲಿಸಿ ಹೇಳಿದರು: ‘ಸರ್, ನಿಮ್ಮ ಮಗಳು ಈಗೀಗ ಊಟ ನಿಧಾನ ಮಾಡ್ತಾಳೆ. ಅವನ ತಟ್ಟೆ ನೋಡ್ಕೊಂಡು ಉಣ್ತಾಳೆ. ಅವನದು ಮುಗಿಯೋವರೆಗೂ ಇವಳದೂ ಮುಗಿಯೋದಿಲ್ಲ.’

ಅಷ್ಟೇ ಆಗಿದ್ದರೆ ಇಷ್ಟುದ್ದ ಬರೀತಿರಲಿಲ್ಲವೇನೋ. ಮೊಟ್ಟೆಯ ವಿಷಯ ಕೇಳು. ಈಗ ಊಟದ ಜೊತೆ ಬೇಯಿಸಿದ ಮೊಟ್ಟೆ ಕೊಡ್ತಾರೆ, ಬೇಡ ಅಂದವರಿಗೆ ಬಾಳೆಹಣ್ಣು. ಆ ಹುಡುಗನಿಗೆ ಮೊಟ್ಟೆ ಅಂದ್ರೆ ಪ್ರಾಣ, ಆದರೆ ಸಿಪ್ಪೆ ಒಡೆಯೋದೇ ಕಷ್ಟ. ದೊಡ್ಡ ಮಕ್ಕಳು ಯಾರಾದರೂ ಕಿತ್ಕೊಂಡು ಸುಲಿದು ತಟ್ಟೆಗೆ ಹಾಕ್ತಿದ್ದರಂತೆ. ಅವರದೂ ಒಳ್ಳೇ ಮನಸ್ಸೇ. ಆದರೆ ಹಾಗೆ ಹಾಕಿದ ಮೊಟ್ಟೆಯನ್ನು ಅವನು ಮುಟ್ಟದೆ ಬಿಡ್ತಿದ್ದ. ಪುಟ್ಟಿ ಏನು ಮಾಡ್ತಾಳೆ ಅಂದ್ರೆ, ಮೊಟ್ಟೆಯನ್ನು ನೆಲಕ್ಕೆ ಟಕ್ ಟಕ್ ಅಂತ ಕುಟ್ಟಿ, ಅಂಗೈಯಡಿ ಒಂದು ಸಲ ಉರುಳಿಸಿ, ಉಗುರಿನಷ್ಟು ಸಿಪ್ಪೆ ಎಬ್ಬಿಸಿ ವಾಪಸ್ ಅವನ ಕೈಗೆ ಕೊಡ್ತಾಳೆ. ಉಳಿದದ್ದನ್ನು ಅವನೇ ಸುಲೀತಾನೆ. ಟೀಚರ್ ಇದನ್ನು ಕೈಯಲ್ಲಿ ಮಾಡಿ ತೋರಿಸಿದರು ಕಣೋ. ಯಾರು ಹೇಳಿಕೊಟ್ಟದ್ದು ಅವಳಿಗೆ? ನಾನಂತೂ ಅಲ್ಲ, ಅವಳ ಅಮ್ಮನೂ ಅಲ್ಲ. ಎಲ್ಲಿಯವರೆಗೆ ಸಹಾಯ ಮಾಡಬೇಕು, ಎಲ್ಲಿ ಕೈ ತೆಗೀಬೇಕು ಅನ್ನೋದು ಇಷ್ಟು ವರ್ಷ ಪಾಠ ಮಾಡಿದ ಎಷ್ಟೋ ಮೇಷ್ಟ್ರುಗಳಿಗೆ ಬಂದಿಲ್ಲ.

ಹೇಳಿಕೊಡದೆಯೂ ಇದು ಬರ್ತದೆ ಅನ್ನೋದಕ್ಕೆ ಆಧಾರ ಇದೆ. ಫೆಲಿಕ್ಸ್ ವಾರ್ನೆಕೆನ್, ಮೈಕಲ್ ಟೊಮಸೆಲ್ಲೊ ಅಂತ ಇಬ್ಬರು ಮನಶ್ಶಾಸ್ತ್ರಜ್ಞರು, ಜರ್ಮನಿಯ ಲೈಪ್‌ಜಿಗ್‌ನಲ್ಲಿ ಕೆಲಸ ಮಾಡ್ತಿದ್ದಾಗ ಒಂದೂವರೆ ವರ್ಷದ ಮಕ್ಕಳ ಮೇಲೆ ನಡೆಸಿದ ಪ್ರಯೋಗ 2006ರಲ್ಲಿ ಪ್ರಕಟವಾಯ್ತು. ಅಪರಿಚಿತನೊಬ್ಬ ಬಟ್ಟೆ ಒಣಹಾಕುವಾಗ ಕ್ಲಿಪ್ಪು ಬೀಳಿಸಿಕೊಂಡು, ಕೈಗೆಟುಕದೆ ಪರದಾಡ್ತಾನೆ. ಯಾರೂ ಹೇಳದಿದ್ದರೂ ಮಕ್ಕಳು ತಟತಟ ನಡೆದುಹೋಗಿ ಎತ್ತಿಕೊಡ್ತವೆ. ಬೇಕೆಂದೇ ಬಿಸಾಡಿದ್ದಾದರೆ ಅಷ್ಟಾಗಿ ಎತ್ತಿಕೊಡೋದಿಲ್ಲ. ಎರಡು ವರ್ಷದ ನಂತರ ಅವರದೇ ಇನ್ನೊಂದು ಪ್ರಯೋಗ ಬಂತು. ಸಹಾಯ ಮಾಡಿದ್ದಕ್ಕೆ ಆಟದ ಸಾಮಾನು ಸಿಕ್ಕ ಮಕ್ಕಳು ಆಮೇಲೆ ಸಹಾಯ ಮಾಡೋದನ್ನೇ ಕಮ್ಮಿ ಮಾಡಿದವು. ಏನೂ ಸಿಗದ ಮಕ್ಕಳು, ಬರೀ ಹೊಗಳಿಸಿಕೊಂಡ ಮಕ್ಕಳು ಮೊದಲಿನ ಹಾಗೇ ಇದ್ದವು. ಓದಿ ನನಗೆ ನಿಜವಾಗಲೂ ಸಮಾಧಾನ ಆಯ್ತು. ಯಾಕಂದ್ರೆ ನಾನು ಈ ಮೊಟ್ಟೆ ಕತೆಯನ್ನು ಸ್ಟಾಫ್ ರೂಮಿನಲ್ಲಿ, ಸೊಸೈಟಿಯಲ್ಲಿ, ಬಸ್ಸಿನಲ್ಲಿ, ಸಿಕ್ಕಸಿಕ್ಕವರಿಗೆಲ್ಲ ಹೇಳಿಯಾಗಿದೆ. ಇನ್ನೂ ಹೇಳ್ತೀನಿ.

ಆದರೆ ಅಮ್ಮನಿಗೆ ಹೇಳಿದಾಗ ಒಂದು ಆಯ್ತು ನೋಡು. ಅಮ್ಮ ಕೇಳಿ ಕಣ್ಣು ತುಂಬ್ಕೊಂಡರು. ಪುಟ್ಟಿಯನ್ನು ತೊಡೆ ಮೇಲೆ ಕೂರಿಸ್ಕೊಂಡು, ತಲೆ ಸವರಿ, ‘ನಮ್ ಪುಟ್ಟಿ ಹೋದ ಮನೆ ಬೆಳಗ್ತಾಳೆ’ ಅಂದರು.

ಪ್ರೀತಿಯ ಮಾತೇ. ಅಮ್ಮನ ಬಾಯಲ್ಲಿ ಅದಕ್ಕಿಂತ ದೊಡ್ಡ ಮೆಚ್ಚುಗೆ ಇಲ್ಲ. ಆದರೆ ನನ್ನೊಳಗೆ ಏನೋ ಚುಳುಕ್ ಅಂತು. ಆರು ವರ್ಷದ ಮಗು ಗೆಳೆಯನ ಪಕ್ಕ ಕೂತು ಮೊಟ್ಟೆ ಒಡೆದುಕೊಟ್ಟಳು, ಅದು ಯಾರದೋ ಮನೆ ಬೆಳಗೋ ಮಾತು ಯಾಕಾಗಬೇಕು? ಅದೇ ಕೆಲಸ ಗಂಡುಹುಡುಗ ಮಾಡಿದ್ದರೆ ‘ಎಂಥಾ ಒಳ್ಳೇ ಹುಡುಗ’ ಅಂತಿದ್ದರು, ಅಲ್ಲಿಗೆ ಮುಗೀತಿತ್ತು. ಇವಳ ಒಳ್ಳೆಯತನಕ್ಕೆ ಮಾತ್ರ ಈಗಲೇ ಲೆಕ್ಕ ಹಾಕಿ ಇಟ್ಟಾಯ್ತು, ಮುಂದೆ ಯಾರು ಬೇಕಾದರೂ ಬಂದು ವಸೂಲಿ ಮಾಡಬಹುದು ಅನ್ನೋ ಹಾಗೆ.

ಅದೇ ಮಾತು ನಾನು ಹಿಂದೆ ಕೇಳಿದ್ದೀನಿ. ನೀನೂ ಕೇಳಿದ್ದೀಯ, ನಮ್ಮನೆ ಜಗಲಿ ಮೇಲೆ ಕೂತು. ಅಕ್ಕನಿಗೆ ಹೇಳ್ತಿದ್ದರು.

ಅಕ್ಕ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸು ಕಣೋ. ಮಳೆಗಾಲದಲ್ಲಿ ಗದ್ದೆ ಬದುವಿನ ಮೇಲೆ ನಡೆದು, ಹಳ್ಳದ ಸಂಕ ದಾಟಿ ಹೈಸ್ಕೂಲಿಗೆ ಹೋಗಿ ಬಂದವಳು. ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿದ್ದು 2006-07ರಲ್ಲಿ. ಅಷ್ಟೊತ್ತಿಗೆ ಅಕ್ಕನ ಮದುವೆ ಆಗಿ, ಮಗು ಆಗಿತ್ತು. ಪೀಯೂಸಿಗೆ ಪೇಟೆಗೆ ಹೋಗಬೇಕು, ಬಸ್ಸಿನ ದುಡ್ಡು, ಪುಸ್ತಕ, ಬಟ್ಟೆ. ಆ ವರ್ಷ ಅಡಿಕೆಗೆ ಕೊಳೆರೋಗ ಬಂದು ಮನೆಯಲ್ಲಿ ಏನೂ ಇರಲಿಲ್ಲ. ‘ನಾನು ಮನೇಲಿರ್ತೀನಿ, ಮುಂದೆ ತಮ್ಮ ಓದ್ಲಿ’ ಅಂತ ಅವಳೇ ಅಂದಳು. ಎಲ್ಲರೂ ಹೊಗಳಿದರು. ಎಷ್ಟು ದೊಡ್ಡ ಮನಸ್ಸು, ಹೋದ ಮನೆ ಬೆಳಗ್ತಾಳೆ ಅಂದರು. ನಾನು ಆಗ ಚಿಕ್ಕವನು, ಅಕ್ಕ ಮನೆಯಲ್ಲೇ ಇರ್ತಾಳೆ ಅಂತ ಖುಷಿಯಾಗಿದ್ದೆ. ಅವಳಿಗೆ ಏನು ಬೇಕಿತ್ತು ಅಂತ ಅವತ್ತು ಯಾರೂ ಕೇಳಲಿಲ್ಲ. ಅಷ್ಟು ಹೊಗಳಿದ ಮೇಲೆ ಕೇಳೋಕೆ ಜಾಗವೇ ಉಳಿದಿರಲಿಲ್ಲ.

ನನ್ನ ಬಿ.ಎಸ್ಸಿ., ಬಿ.ಎಡ್., ಈ ನೌಕರಿ, ಪುಟ್ಟಿಗೆ ನಾನು ಕೊಡಿಸೋ ಪುಸ್ತಕ, ಎಲ್ಲ ನಿಂತಿರೋದು ಅಕ್ಕನ ಆ ಒಂದು ಮಾತಿನ ಮೇಲೆ. ಇದನ್ನು ನಾನು ಬಾಯಿಬಿಟ್ಟು ಯಾರ ಹತ್ತಿರವೂ ಹೇಳಿರಲಿಲ್ಲ. ನಿನ್ನ ಹತ್ತಿರವೂ. ಮೊಟ್ಟೆ ಕತೆ ಬರೆಯೋಣ ಅಂತ ಕೂತವನು ಎಲ್ಲಿಗೆ ಬಂದೆ ನೋಡು.

ಇನ್ನೊಂದು ಹೇಳಿಬಿಡ್ತೀನಿ. ದೀಪಾವಳಿಗೆ ಅಕ್ಕ ಬಂದಿದ್ದಳು, ಚಿಕ್ಕಪ್ಪನ ಮನೆಯವರೂ ಇದ್ದರು. ಅವರ ಮೊಮ್ಮಗ ಪುಟ್ಟಿಯ ಹೊಸ ಬಣ್ಣದ ಪೆನ್ಸಿಲ್ ಡಬ್ಬಿ ಬೇಕು ಅಂತ ಹಟ ಹಿಡಿದ. ಎಲ್ಲರೂ ಶುರು ಮಾಡಿದರು: ‘ಕೊಡು ಪುಟ್ಟಿ, ನೀನು ಒಳ್ಳೇ ಹುಡುಗಿ ಅಲ್ವಾ?’ ಪುಟ್ಟಿ ಡಬ್ಬಿಯನ್ನು ಎದೆಗೆ ಅವಚಿಕೊಂಡು, ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ, ‘ಇದು ನಂದು. ನಂಗೆ ಬೇಕು’ ಅಂದಳು. ಅಳಲಿಲ್ಲ, ಕಿರುಚಲಿಲ್ಲ. ಹೆಂಗಸರು ನನ್ನ ಮುಖ ನೋಡಿದರು. ‘ಅವಳದು, ಅವಳಿಗೆ ಬೇಕಂತೆ, ಬಿಡಿ’ ಅಂದೆ. ಮೊಟ್ಟೆ ಕತೆ ಕೇಳಿದಾಗ ಎದೆ ಎಷ್ಟು ತುಂಬಿ ಬಂದಿತ್ತೋ ಆವಾಗಲೂ ಅಷ್ಟೇ ತುಂಬಿ ಬಂತು. ಬೇಡ ಅನ್ನೋಕೆ ಬರುವ ಮಗು ಕೊಟ್ಟದ್ದು ನಿಜವಾಗಲೂ ಕೊಟ್ಟದ್ದು ಅಂತ ನನಗೆ ಅನ್ನಿಸ್ತದೆ. ಅವಳ ಈ ಎರಡೂ ಗುಣ ಹೀಗೇ ಉಳೀಬೇಕು ಅನ್ನೋದೊಂದೇ ನನ್ನ ಆಸೆ, ಮತ್ತೆ ಅದೇ ನನ್ನ ಹೆದರಿಕೆ.

ಅಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲ ನೋಡ್ತಿದ್ದಳು. ಆಮೇಲೆ ನಾನು ನೀರು ಕುಡಿಯೋಕೆ ಒಳಗೆ ಹೋದಾಗ, ಹಂಡೆಗೆ ಬೆಂಕಿ ಒಟ್ಟುತ್ತಾ, ನನ್ನ ಕಡೆ ತಿರುಗದೆ ಹೇಳಿದಳು: ‘ಹಂಗೇ ಇರ್ಲಿ ಅವಳು.’ ನನಗೆ ಏನು ಹೇಳಬೇಕೋ ಗೊತ್ತಾಗದೆ ಎರಡು ಕುಂಟೆ ಎತ್ತಿಕೊಟ್ಟು ಬಂದೆ. ಈ ಸಲ ಬಂದಾಗ ಕೇಳ್ತೀನಿ, ಆವತ್ತು ನಿಂಗೆ ಏನು ಓದಬೇಕು ಅಂತ ಇತ್ತು ಅಂತ. ಅವಳಿಗೆ ಲೆಕ್ಕ ಅಂದ್ರೆ ಇಷ್ಟ ಇತ್ತು, ನೆನಪಿದೆಯಾ? ನಮ್ಮಿಬ್ಬರ ಹೋಂವರ್ಕೂ ಅವಳೇ ಮಾಡಿಕೊಡ್ತಿದ್ದದ್ದು.

ಸಾಕು, ಬಹಳ ಗಂಭೀರ ಆಯ್ತು. ಬೇಸಿಗೆ ರಜೆಗೆ ಬಾ. ಕಡುಬು, ಕೋಳಿ ಸಾರು ಮಾಡೋಣ. ಕಡುಬು ನಾನೇ ಕಟ್ತೀನಿ, ಈಗ ಕಲ್ತಿದ್ದೀನಿ. ಅಕ್ಕನನ್ನೂ ಕರೆಸ್ತೀನಿ. ಅವತ್ತು ಅವಳು ಮೊದಲನೇ ಪಂಕ್ತಿಯಲ್ಲಿ ಕೂರಲಿ, ನಾವಿಬ್ಬರೂ ಬಡಿಸೋಣ. ಮತ್ತೆ ಪುಟ್ಟಿ ನಿನ್ನನ್ನು ಕೇಳು ಅಂತ ಬೆಳಗಿನಿಂದ ಪೀಡಿಸ್ತಾ ಇದ್ದಾಳೆ: ಪುಣೆಯ ಮಂಗಗಳು ಮರಾಠಿಯಲ್ಲಿ ಬೈದರೆ ಓಡಿಹೋಗ್ತವಾ, ಇಲ್ಲ ಕನ್ನಡದಲ್ಲೇ ಬೈಬೇಕಾ? ಬೇಗ ಉತ್ತರ ಬರಿ. ಇನ್ಮೇಲೆ ದಿನಾ ಶಾಲೆಯಿಂದ ಬಂದ ಕೂಡಲೇ ಉತ್ತರ ಬಂತಾ ಅಂತ ಕೇಳ್ತಾಳೆ.

ನಿನ್ನ,
ಮೇಷ್ಟ್ರು