ನನ್ನನ್ನೂ ಆ ಹಾವನ್ನೂ ಉಳಿಸಿದವರಿಗೆ

ಹಾವು ಕಚ್ಚಿದ ಮೇಲೆ ಮಾಡುತ್ತಿದ್ದ ರಕ್ತ ಪರೀಕ್ಷೆಗಳಲ್ಲಿ ಕೊನೆಯದರ ವರದಿ ಬಂತು. ಪ್ಲೇಟ್‌ಲೆಟ್ ಸರಿಯಾಗಿದೆ, ರಕ್ತ ಹೆಪ್ಪುಗಟ್ಟುವುದೂ ಸರಿಯಾಗಿದೆ, ಇನ್ನು ಬರುವುದು ಬೇಡ ಎಂದರು ಡಾಕ್ಟರ್. ಚಪ್ಪಲಿ ಹಾಕಿಕೊಂಡು ಓಡಾಡುತ್ತಿದ್ದೇನೆ. ಸಂಜೆ ಹೊತ್ತಿಗೆ ಪಾದ ಸ್ವಲ್ಪ ಊದಿಕೊಳ್ಳುತ್ತದೆ, ಅಷ್ಟೇ. ಇಷ್ಟು ದಿನ ನೀವೆಲ್ಲ ಕೇಳುತ್ತಲೇ ಇದ್ದಿರಿ, ಒಬ್ಬೊಬ್ಬರಿಗೂ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಒಂದಿಷ್ಟು ಹೇಳಿಬಿಡುತ್ತೇನೆ. ನಾವಿರುವುದು ಅಮೆರಿಕದ ಅರಿಜೋನಾದಲ್ಲಿ, ಟೂಸಾನ್ ಊರಿನ ಉತ್ತರಕ್ಕೆ, ಕ್ಯಾಟಲೀನಾ ಬೆಟ್ಟಗಳ ಬುಡದಲ್ಲಿ. ಹಿತ್ತಲ ಗೋಡೆ ದಾಟಿದರೆ ಮರುಭೂಮಿ. ರಾಟಲ್‌ಸ್ನೇಕ್‌ಗಳನ್ನು, ಅಂದರೆ ಬಾಲದ ತುದಿಯಲ್ಲಿ ಗಿಲಕಿ ಇರುವ ವಿಷದ ಹಾವುಗಳನ್ನು, ಹುಡುಕಿ ನೋಡುವುದು, ದೂರದಿಂದ ಫೋಟೊ ತೆಗೆಯುವುದು, ಅವುಗಳ ಬಗ್ಗೆ ಇಲ್ಲಿನ ಕನ್ನಡದವರಿಗೆ ಹೇಳುವುದು ನನ್ನ ಬಹಳ ವರ್ಷಗಳ ಹವ್ಯಾಸ. ಎರಡು ಅಮೆರಿಕ ಖಂಡಗಳನ್ನು ಬಿಟ್ಟರೆ ಈ ಹಾವುಗಳು ಬೇರೆಲ್ಲೂ ಇಲ್ಲ. ಅರಿಜೋನಾ ಒಂದರಲ್ಲೇ 13 ಜಾತಿಗಳಿವೆ, ಈ ದೇಶದ ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಈ ಸಲದ ಮಳೆಗಾಲ ಶುರುವಾದ ಮೇಲೆ ಒಂದು ರಾತ್ರಿ ಕಸದ ಡಬ್ಬಿಯನ್ನು ರಸ್ತೆ ಬದಿಗೆ ಎಳೆಯುತ್ತಿದ್ದೆ. ಅದರ ಮರೆಯಲ್ಲಿದ್ದ ವೆಸ್ಟರ್ನ್ ಡೈಮಂಡ್‌ಬ್ಯಾಕ್ ಜಾತಿಯ ರಾಟಲ್‌ಸ್ನೇಕ್ ಪಾದಕ್ಕೆ ಕಚ್ಚಿತು. ಗಿಲಕಿ ಅಲ್ಲಾಡಿಸಲಿಲ್ಲ. ಅಲ್ಲಾಡಿಸಲೇಬೇಕು ಅಂತೇನೂ ಇಲ್ಲ, ಮಣ್ಣಿನ ಬಣ್ಣದಲ್ಲಿ ಬೆರೆತು ಅಲುಗಾಡದೆ ಇರುವುದೇ ಅದರ ಮೊದಲ ರಕ್ಷಣೆ.

ಮೊದಲ ಧನ್ಯವಾದ ಪಕ್ಕದ ಮನೆಯ ಹಿರಿಯರಿಗೆ. ನನ್ನ ಕೂಗು ಕೇಳಿ ಟಾರ್ಚ್ ಹಿಡಿದು ಬಂದವರು ಅವರು. ನನ್ನನ್ನು ದೂರ ಕೂರಿಸಿದರು, ಆಂಬುಲೆನ್ಸ್‌ಗೆ ಫೋನ್ ಮಾಡಿದರು. ಹಗ್ಗ ಕಟ್ಟಲಿಲ್ಲ, ಗಾಯ ಕುಯ್ಯಲಿಲ್ಲ, ಐಸ್ ಇಡಲಿಲ್ಲ. ಇವೆಲ್ಲ ಮಾಡಬಾರದು ಅಂತ ಅವರಿಗೆ ಗೊತ್ತಿತ್ತು, ಆ ಗಾಬರಿಯಲ್ಲೂ ನೆನಪಿತ್ತು. ನಮ್ಮನೆಯವರು ಓಡಿ ಬಂದವರೇ ಮೊದಲು ನನ್ನ ಗೆಜ್ಜೆ, ಕಾಲುಂಗುರ ತೆಗೆದರು. ಸ್ವಲ್ಪ ತಡವಾಗಿದ್ದರೂ ಕತ್ತರಿಸಬೇಕಾಗುತ್ತಿತ್ತು, ಅಷ್ಟು ಬೇಗ ಊದಿತು. ಬಾಯಿ ಸುತ್ತ ಜುಮುಗುಟ್ಟುತ್ತಿತ್ತು, ನಾಲಿಗೆಯಲ್ಲಿ ಕಬ್ಬಿಣದ ರುಚಿ. ಓದಿ ತಿಳಿದಿದ್ದ ಲಕ್ಷಣಗಳೆಲ್ಲ ಒಂದೊಂದಾಗಿ ನನ್ನ ಮೈಮೇಲೇ ಬಂದವು.

ಆಂಬುಲೆನ್ಸ್‌ನವರಿಗೆ, ಆಸ್ಪತ್ರೆಯ ಎಲ್ಲರಿಗೂ, ಅವರ ಜೊತೆ ಫೋನಿನಲ್ಲಿ ಮಾತಾಡುತ್ತಾ ಔಷಧದ ಲೆಕ್ಕ ಹೇಳುತ್ತಿದ್ದ ಪಾಯ್ಸನ್ ಸೆಂಟರ್‌ನ ತಜ್ಞರಿಗೆ ಏನು ಹೇಳಿದರೂ ಕಮ್ಮಿ. ನರ್ಸ್‌ಗಳು ಊತ ಎಲ್ಲಿಗೆ ಬಂದಿದೆ ಅಂತ ನೋಡಿ ನೋಡಿ ಪೆನ್ನಿನಿಂದ ಕಾಲ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಸಮಯ ಬರೆಯುತ್ತಿದ್ದರು. ಪಾದದಿಂದ ಮೊಣಕಾಲವರೆಗೂ ಗೆರೆಗಳು. ಒಂದು ಹೊತ್ತಿನಲ್ಲಿ ಹೊಸ ಗೆರೆ ಬೇಕಾಗಲಿಲ್ಲ, ಊತ ಅಲ್ಲೇ ನಿಂತಿತ್ತು. ಆಗ ನಮ್ಮನೆಯವರು ಕುರ್ಚಿಯಲ್ಲಿ ಕೂತು ಅತ್ತರು.

ರಾತ್ರಿ ಪಾಳಿಯ ನರ್ಸ್ ಒಬ್ಬರಿಗೆ ಬೇರೆಯೇ ಧನ್ಯವಾದ ಹೇಳಬೇಕು. ನನ್ನ ಹವ್ಯಾಸ ಗೊತ್ತಾದ ಮೇಲೆ ಅವರು ಬಂದಾಗಲೆಲ್ಲ, ಇವತ್ತು ಏನು ಹೇಳುತ್ತೀರಿ ಅಂತ ಕೇಳುತ್ತಿದ್ದರು. ನೋವು ಮರೆಸಲಿಕ್ಕೆ ಕೇಳುತ್ತಿದ್ದಾರೆ ಅಂತ ಗೊತ್ತು. ಆದರೂ ಖುಷಿಯಾಗಿ ಹೇಳುತ್ತಿದ್ದೆ. ಗಿಲಕಿಯ ಉಂಗುರ ಎಣಿಸಿದರೆ ವಯಸ್ಸು ಸಿಗುವುದಿಲ್ಲ, ಪ್ರತಿ ಸಲ ಪೊರೆ ಬಿಟ್ಟಾಗ ಒಂದು ಉಂಗುರ ಸೇರುತ್ತದೆ, ವರ್ಷಕ್ಕೆ ಹಲವು ಸಲ ಪೊರೆ ಬಿಡಬಹುದು, ತುದಿಯ ಉಂಗುರಗಳು ಮುರಿದೂ ಹೋಗುತ್ತವೆ ಅಂತ. ಆ ಸದ್ದಿದೆಯಲ್ಲ, ಕಾದ ಬಾಣಲೆಗೆ ನೀರು ಚಿಮುಕಿಸಿದ ಹಾಗೆ ಚರ್ರೆನ್ನುವುದು, ಅದು ನಾವು ಹತ್ತಿರ ಹೋದಂತೆ ಇದ್ದಕ್ಕಿದ್ದಂತೆ ವೇಗವಾಗುತ್ತದೆ, ಆಗ ಹಾವು ಇರುವುದಕ್ಕಿಂತ ಹತ್ತಿರವೇ ಇದೆ ಅಂತ ನಮ್ಮ ಕಿವಿ ತಿಳಿಯುತ್ತದೆ ಅಂತ 2021ರಲ್ಲಿ ಪ್ರಕಟವಾದ ಸಂಶೋಧನೆ ಹೇಳುತ್ತದೆ. ಅವರಿಗೆ ಜಾಸ್ತಿ ಇಷ್ಟವಾಗಿದ್ದು ತಾಯಿ ಹಾವುಗಳ ವಿಷಯ. ಇವು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತವೆ. ಮರಿಗಳು ಮೊದಲ ಪೊರೆ ಬಿಡುವವರೆಗೆ ತಾಯಿ ಜೊತೆಯಲ್ಲೇ ಇರುತ್ತದೆ. ಅರಿಜೋನಾ ಬ್ಲ್ಯಾಕ್ ಎಂಬ ಜಾತಿಯಲ್ಲಂತೂ ಹಲವು ತಾಯಂದಿರು ಒಂದೇ ಕಡೆ ಸೇರಿ ಮರಿ ಹಾಕುತ್ತವೆ. ಇದನ್ನು ಕೇಳಿ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವರ ಮನೆಯಲ್ಲೂ ಹಸುಗೂಸು ಇತ್ತಂತೆ.

ನನಗೆ ಕೊಟ್ಟ ಔಷಧ ಕ್ರೋಫ್ಯಾಬ್ ಎಂಬ ಪ್ರತಿವಿಷ. ಆಸ್ಟ್ರೇಲಿಯಾದ ಕುರಿಗಳಿಗೆ ವಿಷವನ್ನು ಸ್ವಲ್ಪ ಸ್ವಲ್ಪವೇ ಚುಚ್ಚಿ, ಅವುಗಳ ರಕ್ತದಿಂದ ತಯಾರಿಸುವ ಔಷಧ ಅದು. ಆ ವಿಷ ತೆಗೆಯುವ ನಾಲ್ಕು ಹಾವುಗಳಲ್ಲಿ ವೆಸ್ಟರ್ನ್ ಡೈಮಂಡ್‌ಬ್ಯಾಕ್ ಕೂಡ ಒಂದು. ನೋಡಿ, ಕಚ್ಚಿದ್ದೂ ಅದೇ ಜಾತಿ, ಉಳಿಸಿದ್ದೂ ಅದೇ ಜಾತಿ. ಆ ಕುರಿಗಳಿಗೆ ಮನಸಾರೆ ವಂದನೆ. ಹಾವಿನ ದವಡೆ ಹಿಡಿದು ವಿಷ ತೆಗೆಯುವ ಕೈಗಳಿಗೂ.

ಇದನ್ನು ಬರೆಯುವಾಗ ಊರು ನೆನಪಾಗದೆ ಇರುವುದಿಲ್ಲ. ಅಮೆರಿಕದಲ್ಲಿ ವರ್ಷಕ್ಕೆ 7,000ದಿಂದ 8,000 ಜನಕ್ಕೆ ವಿಷದ ಹಾವು ಕಚ್ಚುತ್ತದೆ, ಸಾಯುವವರು ಸುಮಾರು 5 ಜನ. ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 58,000 ಜನ ಸಾಯುತ್ತಾರೆ ಅಂತ ಅಂದಾಜು. ಸಾಗರದ ಕಡೆ ನಮ್ಮ ತೋಟಕ್ಕೆ ಬರುತ್ತಿದ್ದ ಒಬ್ಬರು ಕೊಳಕುಮಂಡಲ ಕಚ್ಚಿ, ಆಸ್ಪತ್ರೆ ಮುಟ್ಟುವ ಮೊದಲೇ ಹೋದರು. ನನಗೆ ಸಿಕ್ಕ ಅರ್ಧ ಗಂಟೆಯ ದಾರಿ ಅವರಿಗೆ ಸಿಗಲಿಲ್ಲ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು ಅಂತ ಆದೇಶ ಮಾಡಿದಾಗ ಅಪ್ಪ ಪೇಪರಿನ ಫೋಟೊ ಕಳಿಸಿದ್ದರು. ಒಳ್ಳೆಯ ಕೆಲಸ ಅದು, ಎಷ್ಟೋ ಮೊದಲೇ ಆಗಬೇಕಿತ್ತು. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ರಾತ್ರಿ ಎದ್ದು ಇಂಜೆಕ್ಷನ್ ಕೊಡುವ ನರ್ಸಮ್ಮಂದಿರಿಗೂ ನನ್ನ ಧನ್ಯವಾದದಲ್ಲಿ ಪಾಲಿದೆ.

ಅಮ್ಮ ವಿಷಯ ತಿಳಿದ ಕೂಡಲೇ ಕುಕ್ಕೆ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತಳು. ಆಶ್ಲೇಷಾ ಬಲಿ ಮಾಡಿಸಿಯೂ ಬಂದಳು. ಇನ್ನು ಹಾವಿನ ಸಹವಾಸ ಬಿಡು ಅಂತ ಅವಳು ಒಂದು ಸಲವೂ ಹೇಳಲಿಲ್ಲ, ಅದಕ್ಕಾಗಿ ಅವಳಿಗೆ ಎಷ್ಟು ನಮಸ್ಕಾರ ಮಾಡಿದರೂ ಸಾಲದು. ಬೇರೆ ಕೆಲವರು ಹೇಳಿದಿರಿ. ಪ್ರೀತಿಯಿಂದಲೇ ಹೇಳಿದಿರಿ, ನನಗೆ ಗೊತ್ತು. ನೀನೇನು ವಿಜ್ಞಾನಿಯಾ, ಇದು ನಿನಗ್ಯಾಕೆ ಅಂತ ಕೇಳಿದವರಿಗೆ ಒಂದು ಮಾತು. ರಾಟಲ್‌ಸ್ನೇಕ್‌ಗಳ ಬಗ್ಗೆ ಜಗತ್ತಿಗೆ ಅಷ್ಟೆಲ್ಲ ತಿಳಿಸಿಕೊಟ್ಟ ಲಾರೆನ್ಸ್ ಕ್ಲಾಬರ್ ಕೂಡ ವೃತ್ತಿಯಲ್ಲಿ ಇಂಜಿನಿಯರ್, ಸ್ಯಾನ್ ಡಿಯಾಗೊದ ಗ್ಯಾಸ್ ಮತ್ತು ವಿದ್ಯುತ್ ಕಂಪನಿಯಲ್ಲಿದ್ದವರು. ಹವ್ಯಾಸಿಗಳೂ ಈ ಹಾವುಗಳಿಗೆ ಬೇಕು.

ಮನೆಗೆ ಬಂದ ಮೇಲೆ ಅಡುಗೆ ಮನೆಗೆ ನಾನು ಕಾಲಿಡುವ ಪ್ರಸಂಗವೇ ಬರಲಿಲ್ಲ. ಮೆಣಸಿನ ಸಾರು, ತಂಬುಳಿ, ಅಕ್ಕಿ ರೊಟ್ಟಿ ಎಲ್ಲ ಸರದಿಯಂತೆ ಬರುತ್ತಿತ್ತು. ಮಕ್ಕಳನ್ನು ಶಾಲೆಗೆ ಬಿಟ್ಟವರು, ಕರೆತಂದವರು, ಆಸ್ಪತ್ರೆ ಬಿಲ್ಲಿನ ಕಾಗದಗಳನ್ನು ಹಿಡಿದು ಇನ್ಶೂರೆನ್ಸ್‌ನವರ ಹತ್ತಿರ ಗಂಟೆಗಟ್ಟಲೆ ಮಾತಾಡಿದವರು, ನಿಮ್ಮೆಲ್ಲರ ಹೆಸರು ಬರೆದರೆ ನೀವು ಬೈಯುತ್ತೀರಿ ಅಂತ ಬರೆಯುತ್ತಿಲ್ಲ.

ಆದರೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಇನ್ನೊಂದಿದೆ. ಆಸ್ಪತ್ರೆಯಲ್ಲಿ ಮಲಗಿದ್ದಾಗ ನನ್ನನ್ನು ಕಾಡಿದ್ದು ಕಾಲಿನ ನೋವೊಂದೇ ಅಲ್ಲ. ಹಾವನ್ನು ಕೊಲ್ಲಬೇಡಿ ಅಂತ ಇಷ್ಟು ವರ್ಷ ಹೇಳಿದವಳಿಗೇ ಕಚ್ಚಿತು ಅಂದರೆ ಇನ್ನು ಯಾರು ನನ್ನ ಮಾತು ಕೇಳುತ್ತಾರೆ, ಹಿತ್ತಲಲ್ಲಿ ಹಾವು ಕಂಡರೆ ಎಲ್ಲರೂ ಸಲಿಕೆ ಹಿಡಿಯುತ್ತಾರೆ ಅಂತ ಅನಿಸುತ್ತಿತ್ತು. ಹಾಗಾಗಲಿಲ್ಲ. ಆ ರಾತ್ರಿ ನಾನು ಹೋದ ಮೇಲೆ ಪಕ್ಕದ ಮನೆಯ ಹಿರಿಯರು ದೂರ ನಿಂತು ಹಾವಿನ ಮೇಲೆ ಟಾರ್ಚ್ ಬಿಟ್ಟುಕೊಂಡೇ ಇದ್ದರು. ನಮ್ಮ ಕಡೆ ಅಗ್ನಿಶಾಮಕ ದಳದವರೇ ಹಾವು ಹಿಡಿಯಲು ಬರುತ್ತಾರೆ. ಅವರು ಇಕ್ಕಳದಿಂದ ಹಿಡಿದು ಬಕೆಟ್‌ಗೆ ಹಾಕಿ, ಹತ್ತಿರದ ಒಣ ಹಳ್ಳದಲ್ಲೇ ಬಿಟ್ಟರು. ದೂರ ಒಯ್ದು ಬಿಟ್ಟರೆ ಅದಕ್ಕೆ ಬಿಲ, ಬೇಟೆ, ಚಳಿಗಾಲದ ಗೂಡು ಒಂದೂ ಗೊತ್ತಿರುವುದಿಲ್ಲ, ಅಲೆದು ಅಲೆದು ಬಹಳಷ್ಟು ಸತ್ತೇ ಹೋಗುತ್ತವೆ. ಹತ್ತಿರವೇ ಬಿಡಿ ಅಂತ ಹೇಳಿದವರು ನಮ್ಮನೆಯವರು, ಆಸ್ಪತ್ರೆಯಿಂದ, ಫೋನಿನಲ್ಲಿ, ನನ್ನ ಊದಿದ ಕಾಲಿನ ಪಕ್ಕ ನಿಂತುಕೊಂಡು. ರೀ, ಇದಕ್ಕೆ ನಾನು ಏನು ಕೊಡಲಿ?

ಮುಂದಿನ ವಾರ ಫೀನಿಕ್ಸ್ ಕಡೆಯ ಒಂದು ಮನೆಯಿಂದ ನಮಗೆ ಫೋಟೊ ಬಂತು. ಇಲ್ಲಿನ ನಮ್ಮ ಕನ್ನಡದವರ ಗುಂಪಿನಲ್ಲಿ ಹಾವು ಅಂದರೆ ಬಹಳ ಹೆದರುವ ಮನೆ ಅದು. ನನ್ನ ಕಾಲಿನ ಸ್ಥಿತಿ ಕಣ್ಣಾರೆ ನೋಡಿ ಹೋಗಿದ್ದವರು. ಈಜುಕೊಳದ ಪಕ್ಕ ದೊಡ್ಡ ಹಾವು, ತಲೆ ಚಪ್ಪಟೆ ಮಾಡಿ ಬಾಲ ಅಲ್ಲಾಡಿಸುತ್ತಿದೆ, ಏನು ಮಾಡೋಣ ಅಕ್ಕಾ ಅಂತ. ಬಾಲ ಚೂಪಾಗಿತ್ತು, ಗಿಲಕಿ ಇರಲಿಲ್ಲ. ಅದು ಗೋಫರ್ ಹಾವು, ವಿಷ ಇಲ್ಲದ್ದು, ಹೆದರಿದಾಗ ರಾಟಲ್‌ಸ್ನೇಕ್‌ನಂತೆ ನಟಿಸುತ್ತದೆ, ಪಾಪ, ಆ ನಟನೆಗೇ ಎಷ್ಟೋ ಸಲ ಏಟು ತಿಂದು ಸಾಯುತ್ತದೆ. ಅವರು ಬಾಗಿಲು ಹಾಕಿಕೊಂಡು ಕಾದರು. ಅದು ಗೋಡೆ ಪಕ್ಕದಿಂದ ಹೊರಟು ಹೋಯಿತು. ಆಮೇಲೆ ಬೇರೆ ಮನೆಗಳಿಂದಲೂ ಫೋಟೊಗಳು ಬಂದವು, ನಿಜವಾದ ಡೈಮಂಡ್‌ಬ್ಯಾಕ್‌ಗಳದ್ದೂ. ನಮಗೆ ತಿಳಿದ ಮಟ್ಟಿಗೆ ಒಂದನ್ನೂ ನೀವು ಕೊಲ್ಲಲಿಲ್ಲ.

ಈ ನಂಬಿಕೆಗೆ ಎಲ್ಲರಿಗೂ ಕೈಮುಗಿದು ಧನ್ಯವಾದ. ಇದಕ್ಕಿಂತ ದೊಡ್ಡ ಉಡುಗೊರೆಯನ್ನು ನನಗೆ ಯಾರೂ ಕೊಟ್ಟಿಲ್ಲ.

ಆಗಸ್ಟ್, ಸೆಪ್ಟೆಂಬರ್ ಡೈಮಂಡ್‌ಬ್ಯಾಕ್‌ಗಳು ಮರಿ ಹಾಕುವ ಕಾಲ, ಹಿತ್ತಲಲ್ಲಿ ಪುಟ್ಟವೂ ಕಾಣಬಹುದು. ಹುಟ್ಟಿದ ಮರಿಗೆ ಬಾಲದ ತುದಿಯಲ್ಲಿ ಒಂದೇ ಗುಂಡಿ ಇರುತ್ತದೆ, ಸದ್ದು ಬರುವುದಿಲ್ಲ. ವಿಷ ಮಾತ್ರ ಹುಟ್ಟಿನಿಂದಲೇ ಇರುತ್ತದೆ. ಮಕ್ಕಳಿಗೆ ಹೇಳಿಡಿ. ಕತ್ತಲಾದ ಮೇಲೆ ಟಾರ್ಚ್ ಇಲ್ಲದೆ, ಶೂ ಇಲ್ಲದೆ ಹೊರಗೆ ಹೋಗಬೇಡಿ. ಇವತ್ತಿನಿಂದ ಫೋಟೊಗಳನ್ನು ಮತ್ತೆ ನನಗೇ ಕಳಿಸಿ, ನಮ್ಮನೆಯವರಿಗೆ ಸ್ವಲ್ಪ ನಿದ್ದೆ ಬೇಕು. ರಾತ್ರಿ ಎಷ್ಟು ಹೊತ್ತಾದರೂ ಪರವಾಗಿಲ್ಲ. ದೂರದಲ್ಲೇ ನಿಂತು ಜೂಮ್ ಮಾಡಿ ತೆಗೆಯಿರಿ, ಬಾಲ ಕಾಣುವ ಹಾಗೆ.