ಮೀಟರ್ ಕೈಕೊಟ್ಟಾಗ ಪೈಲಟ್ ಕೈ ಪಳಗಿರಬೇಕು

ಮಾನ್ಯ ಸಂಪಾದಕರೇ,

2023ರಲ್ಲಿ ಶಿವಮೊಗ್ಗದ ಸೋಗಾನೆಯ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಕಡೆ ವಿಮಾನದ ಮಾತು ಜಾಸ್ತಿಯಾಗಿದೆ. ಟಿಕೆಟ್ ದರ, ಮೋಡ ಕವಿದು ರದ್ದಾದ ಹಾರಾಟ, ಯಾವ ಊರಿಗೆ ಹೊಸ ಸಂಪರ್ಕ, ಎಲ್ಲವೂ ಚರ್ಚೆಯಾಗುತ್ತದೆ. ಆಗಲಿ. ಆದರೆ ಪೈಲಟ್‌ಗಳ ತರಬೇತಿ ಬಗ್ಗೆ ಯಾರೂ ಕೇಳುವುದಿಲ್ಲ. ತೀರ್ಥಹಳ್ಳಿ, ಸಾಗರ, ಹೊಸನಗರದ ಎಷ್ಟೋ ತೋಟದ ಮನೆಗಳ ಮಕ್ಕಳು ಸಮುದ್ರ ದಾಟಿ ಹೋಗಿ ಬರುತ್ತಿದ್ದಾರೆ. ಹಾಗಾಗಿ ಇದು ನಮ್ಮ ಮನೆಯ ವಿಷಯವೂ ಹೌದು.

ವಿಮಾನದ ಮೂತಿಯ ಪಕ್ಕದಲ್ಲಿ ಪಿಟೋ ಎನ್ನುವ ಸಣ್ಣ ಕೊಳವೆಗಳು ಮುಂದಕ್ಕೆ ಚಾಚಿಕೊಂಡಿರುತ್ತವೆ. ಎದುರಿನ ಗಾಳಿ ಅದರೊಳಗೆ ಒತ್ತುತ್ತದೆ. ಮೈಮೇಲಿನ ಬೇರೆ ಪುಟ್ಟ ತೂತುಗಳು ಸುತ್ತಲಿನ ಗಾಳಿಯ ಒತ್ತಡವನ್ನಷ್ಟೇ ಹಿಡಿಯುತ್ತವೆ. ಈ ಒತ್ತಡದಿಂದ ಎತ್ತರ ತಿಳಿಯುತ್ತದೆ, ಎರಡು ಒತ್ತಡಗಳ ವ್ಯತ್ಯಾಸದಿಂದ ವೇಗ. ದೊಡ್ಡ ಗುಡುಗು ಮೋಡಗಳ ಮೇಲ್ಭಾಗದಲ್ಲಿ ಹಿಮದ ಹರಳುಗಳಿರುತ್ತವೆ. ಕೊಳವೆಗೆ ಹೀಟರ್ ಇದ್ದರೂ ಕೆಲವೊಮ್ಮೆ ಈ ಹರಳುಗಳು ಅದರ ಬಾಯಿ ಕಟ್ಟಿಬಿಡುತ್ತವೆ, ಆಗ ವೇಗ ತಪ್ಪಾಗಿ ಕಾಣುತ್ತದೆ.

ರಿಯೋದಿಂದ ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ 447 ವಿಮಾನಕ್ಕೆ 2009ರ ಜೂನ್ 1ರಂದು ಆಗಿದ್ದು ಇದೇ. ರಾತ್ರಿ ಹೊತ್ತು, 35 ಸಾವಿರ ಅಡಿ ಎತ್ತರ, ಕೆಳಗೆ ಅಟ್ಲಾಂಟಿಕ್ ಸಾಗರ. ವೇಗದ ಲೆಕ್ಕ ತಪ್ಪಿದ ಕೂಡಲೇ, ವಿಮಾನವನ್ನು ನಡೆಸುತ್ತಿದ್ದ ಸ್ವಯಂಚಾಲಿತ ವ್ಯವಸ್ಥೆಯಾದ ಆಟೋಪೈಲಟ್ ತಾನಾಗಿ ಕಳಚಿಕೊಂಡಿತು. ಸುಮಾರು ಒಂದು ನಿಮಿಷದಲ್ಲಿ ಮೀಟರ್ ಸರಿಯಾಯಿತು. ಅಷ್ಟರಲ್ಲಿ ಪೈಲಟ್ ಮೂತಿಯನ್ನು ಮೇಲಕ್ಕೆ ಎಳೆದಾಗಿತ್ತು. ವಿಮಾನ ಸುಮಾರು 38 ಸಾವಿರ ಅಡಿಗೆ ಹತ್ತಿ ವೇಗ ಕಳೆದುಕೊಂಡಿತು, ರೆಕ್ಕೆಗಳಿಗೆ ಅದನ್ನು ಎತ್ತಿ ಹಿಡಿಯಲು ಆಗಲಿಲ್ಲ. ಎಚ್ಚರಿಕೆಯ ಸದ್ದು ಕೂಗಿಕೊಳ್ಳುತ್ತಿದ್ದರೂ ಮೂತಿ ಕೆಳಗಿಳಿಸಲಿಲ್ಲ. ಆಟೋಪೈಲಟ್ ಬಿಟ್ಟ 4 ನಿಮಿಷ 23 ಸೆಕೆಂಡಿಗೆ ಎಲ್ಲ ಮುಗಿಯಿತು. 228 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಇದನ್ನು ಓದಿದಾಗಲೆಲ್ಲ ಸಂಕಟವಾಗುತ್ತದೆ. ಮೂತಿಯ ಕೋನ, ಎಂಜಿನ್ ಶಕ್ತಿ ಎರಡನ್ನೂ ಮೊದಲಿದ್ದ ಹಾಗೇ ಹಿಡಿದುಕೊಂಡು ಆ ಒಂದು ನಿಮಿಷ ಕಳೆದಿದ್ದರೆ ವಿಮಾನ ಹಾರುತ್ತಲೇ ಇರುತ್ತಿತ್ತು.

ಪೈಲಟ್ ತಪ್ಪು ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಅಷ್ಟು ಎತ್ತರದಲ್ಲಿ ಕೈಯಿಂದ ವಿಮಾನ ನಡೆಸುವ ತರಬೇತಿಯೇ ಅವರಿಗೆ ಸಿಕ್ಕಿರಲಿಲ್ಲ ಎಂದು 2012ರಲ್ಲಿ ಫ್ರಾನ್ಸಿನ ತನಿಖಾ ವರದಿ ಹೇಳಿತು.

ಮೀಟರ್ ಕೈಕೊಟ್ಟರೆ ಎತ್ತರ ಎಷ್ಟೆಂದು ಕೆಳಗಿರುವ ಕಂಟ್ರೋಲ್‌ನವರನ್ನು ಕೇಳಿದರಾಯ್ತು ಅಲ್ವಾ ಎಂದು ಕೆಲವರು ಅನ್ನುತ್ತಾರೆ. 1996ರಲ್ಲಿ ಪೆರುವಿನ ಲಿಮಾದಿಂದ ಹೊರಟ ಏರೋಪೆರು ವಿಮಾನದವರು ಕೇಳಿದ್ದರು. ವಿಮಾನ ತೊಳೆಯುವಾಗ, ಸುತ್ತಲಿನ ಒತ್ತಡ ಹಿಡಿಯುವ ಆ ಪುಟ್ಟ ತೂತುಗಳಿಗೆ ಅಂಟಿಸಿದ್ದ ಟೇಪನ್ನು ತೆಗೆದಿರಲಿಲ್ಲ. ಕೆಳಗಿನವರ ಪರದೆಗೆ ಹೋಗುತ್ತಿದ್ದುದೂ ಅದೇ ವಿಮಾನ ಕಳಿಸುತ್ತಿದ್ದ ತಪ್ಪು ಎತ್ತರ. ಅವರು ಅದನ್ನೇ ತಿರುಗಿ ಹೇಳಿದರು. 70 ಜನ ಸತ್ತರು.

ನನ್ನ ಕೋರಿಕೆ ಇಷ್ಟೇ. ಇಂಥ ಪರಿಸ್ಥಿತಿಯನ್ನು ಪೂರ್ತಿ ಎತ್ತರದಲ್ಲಿ, ಮೊದಲೇ ಹೇಳದೆ, ಸಿಮ್ಯುಲೇಟರಿನಲ್ಲಿ ನಮ್ಮ ಕಂಪನಿಗಳು ಎಷ್ಟು ಸಲ ಅಭ್ಯಾಸ ಮಾಡಿಸುತ್ತವೆ ಎಂಬುದನ್ನು ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ ಜನರಿಗೆ ತಿಳಿಸಲಿ. ನಿಮ್ಮ ವರದಿಗಾರರು ಸೋಗಾನೆಗೆ ಹೋದಾಗ ಹೊಸ ವಿಮಾನ ಯಾವಾಗ ಬರುತ್ತದೆ ಎಂದು ಕೇಳುವ ಜೊತೆಗೆ ಇದನ್ನೂ ಕೇಳಲಿ.

– ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ತೀರ್ಥಹಳ್ಳಿ